ಬಲಗೈಗೆ ಬಿಡುವು

ಹಬ್ಬಕ್ಕೆ ಬರುವ ಮಗ ಬಸ್ಸಿನಲ್ಲಿ ಬರಲಿ ಎಂಬುದು ತಾಯಿಯ ಆಸೆ. ಮೋಟಾರ್ ಸೈಕಲ್ ಮೇಲೆಯೇ ಬರಬೇಕೆಂಬುದು ಮಗನ ಹಟ. ಬೆಂಗಳೂರಿನಲ್ಲಿ ನೌಕರಿ ಹಿಡಿದ ಹೊಣಕೆರೆಯ ತರುಣನಿಗೆ ನೆಲಮಂಗಲ, ಕುಣಿಗಲ್, ಯಡಿಯೂರುಗಳನ್ನು ದಾಟಿ, ಬೆಳ್ಳೂರು ಕ್ರಾಸಿನಲ್ಲಿ ತಿರುಗಿ, ನಾಗಮಂಗಲದ ಮೇಲೆ ಊರು ಸೇರುವುದರಲ್ಲಿ ಒಂದು ಸುಖವುಂಟು. ಕುಂದು ಒಂದೇ: ಎಕ್ಸಲರೇಟರನ್ನು ತಿರುಚಿ ಹಿಡಿದೇ ಇರುವ ಬಲಗೈ ಜೋಮು ಹಿಡಿಯುತ್ತದೆ. ಅದಕ್ಕೆ ಮದ್ದಾಗಿ ಬಂದುದೇ ‘ಕ್ರೂಸ್ ಕಂಟ್ರೋಲ್’. ಒಮ್ಮೆ ಗೊತ್ತುಮಾಡಿದ ವೇಗವನ್ನು ತಾನಾಗಿ ಕಾಯ್ದುಕೊಳ್ಳುವ ಸಾಧನ.

ಇದರ ಜನಕ ಅಮೆರಿಕದ ರಾಲ್ಫ್ ಟೀಟರ್. ಐದನೆಯ ವಯಸ್ಸಿನಲ್ಲಿಯೇ ದೃಷ್ಟಿ ಕಳೆದುಕೊಂಡೂ ಇಂಜಿನಿಯರಾದ ಧೀರ. ಮಾತಿನ ಭರದಲ್ಲಿ ಕಾರನ್ನು ಒಮ್ಮೆ ನಿಧಾನವಾಗಿಯೂ ಒಮ್ಮೆ ಜೋರಾಗಿಯೂ ನಡೆಸುತ್ತಿದ್ದ ವಕೀಲರೊಬ್ಬರ ಪಕ್ಕದಲ್ಲಿ ಕುಳಿತು ಬೇಸತ್ತದ್ದೇ ಪ್ರೇರಣೆಯಾಯಿತೆಂದು ಹೇಳುತ್ತಾರೆ. 1950ರಲ್ಲಿ ಪೇಟೆಂಟ್ ದೊರೆಯಿತು. 1958ರಲ್ಲಿ ಕ್ರೈಸ್ಲರ್ ಸಂಸ್ಥೆಯ ಕಾರುಗಳಲ್ಲಿ ಸಾಧನವು ಬೆಳಕು ಕಂಡಿತು.

ಕಾರ್ಖಾನೆಯಿಂದಲೇ ಈ ಸೌಕರ್ಯವನ್ನು ಪಡೆದು ಬರುವ ಮೋಟಾರ್ ಸೈಕಲ್‌ಗಳು ಈಗ ಉಂಟು. ಇಲ್ಲದ ಗಾಡಿಗೆ ಬೇರೆಯಾಗಿ ಕೊಂಡು ಜೋಡಿಸಬೇಕು. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಒಂದು ಬಗೆ ನಿಜವಾಗಿ ಕ್ರೂಸ್ ಕಂಟ್ರೋಲ್ ಅಲ್ಲವೇ ಅಲ್ಲ. ಎಕ್ಸಲರೇಟರ್ ಹಿಡಿಯನ್ನು ಬಿಗಿದು ನಿಲ್ಲಿಸುವ ಬಿರಟೆಯಷ್ಟೆ. ಅದು ಕಾಯುವುದು ಹಿಡಿಯ ತಿರುವನ್ನು, ವೇಗವನ್ನಲ್ಲ. ಏರಿನಲ್ಲಿ ಗಾಡಿ ಸೊರಗುತ್ತದೆ, ಇಳಿಜಾರಿನಲ್ಲಿ ನುಗ್ಗುತ್ತದೆ.

ನಿಜವಾದ ಸಾಧನವು ಚಕ್ರದ ವೇಗವನ್ನು ಕ್ಷಣಕ್ಷಣವೂ ಅಳೆದು ಇಂಜಿನ್ನಿನ ಬಲವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಒಂದು ಕಾಲಕ್ಕೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಂಥ ಗಾಡಿಗಳಲ್ಲಿ ಹಿಡಿಯಿಂದ ಕಾರ್ಬುರೇಟರಿಗೆ ಕೇಬಲ್ ಹೋಗುತ್ತದೆ. ಕೇಬಲ್ ಇರುವ ಗಾಡಿಯಲ್ಲಿ ಅದನ್ನು ಎಳೆಯಲು ಪುಟ್ಟ ಮೋಟಾರನ್ನೋ, ಗಾಳಿಯ ಒತ್ತಡದ ವ್ಯತ್ಯಾಸದಿಂದ ನಡೆಯುವ ಡಬ್ಬಿಯನ್ನೋ ಕೂರಿಸಬೇಕು. ಹೊಸ ಗಾಡಿಗಳು ಹಲವದರಲ್ಲಿ ಕೇಬಲ್ಲೇ ಇಲ್ಲ. ಹಿಡಿಯ ಚಲನೆ ವಿದ್ಯುತ್ ಸಂಕೇತವಾಗಿ ಸಾಗುತ್ತದೆ. ಅಂಥವುಗಳಲ್ಲಿ ಆ ಸಂಕೇತವನ್ನೇ ಅನುಕರಿಸುವ ಪೆಟ್ಟಿಗೆಯೊಂದು ಸಾಕು.

ಜೋಡಣೆಯ ಜೀವಾಳ ಇರುವುದು ಹಿಡಿಯುವುದರಲ್ಲಿ ಅಲ್ಲ, ಬಿಡುವುದರಲ್ಲಿ. ಮುಂದಿನ ಬ್ರೇಕ್, ಹಿಂದಿನ ಬ್ರೇಕ್, ಕ್ಲಚ್ — ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಸಾಧನವು ಕೂಡಲೇ ಕೈಬಿಡಬೇಕು. ಕ್ಲಚ್ಚಿನ ತಂತಿಯನ್ನು ಸೇರಿಸದೆ ಬಿಟ್ಟರೆ, ಕ್ಲಚ್ ಒತ್ತಿದೊಡನೆ ಭಾರವಿಳಿದ ಇಂಜಿನ್ ಅಬ್ಬರಿಸೀತು. ಕೇಬಲ್ ಸಿಕ್ಕಿಕೊಂಡರಂತೂ ಪ್ರಾಣಕ್ಕೇ ಸಂಚಕಾರ. ಹ್ಯಾಂಡಲನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ ನೋಡಬೇಕು. ಕುಶಲ ಮೆಕ್ಯಾನಿಕ್ ಈ ಪರೀಕ್ಷೆಗಳನ್ನು ಮುಗಿಸದೆ ಗಾಡಿಯನ್ನು ಒಪ್ಪಿಸಲಾರ. ವಿಮೆ, ವಾರಂಟಿಗಳ ಕರಾರನ್ನು ಮೊದಲೇ ಓದಿಕೊಳ್ಳುವುದೂ ಜಾಣತನ.

ಇಷ್ಟಾದ ಮೇಲೂ ಅದನ್ನು ಬಳಸುವ ದಾರಿ ಎಲ್ಲಿ? ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ 2023ರ ಆಗಸ್ಟ್ 1ರಿಂದ ಪ್ರವೇಶ ತಪ್ಪಿತು. ನೆಲಮಂಗಲದಿಂದ ಬೆಳ್ಳೂರು ಕ್ರಾಸಿನವರೆಗಿನ ನಾಲ್ಕು ಪಥದ ರಸ್ತೆಯಲ್ಲಿ, ನಸುಕಿನ ತೆರಪಿನ ವೇಳೆ, ಬಲಗೈಗೆ ಒಂದಿಷ್ಟು ಬಿಡುವು ದೊರೆತೀತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿಯು ಒಂದೇ ಸೆಕೆಂಡಿನಲ್ಲಿ 22 ಮೀಟರ್ ಮುಂದೆ ಹೋಗಿರುತ್ತದೆಂಬ ಲೆಕ್ಕ ಅಲ್ಲಿಯೂ ನೆನಪಿರಬೇಕು. ಕ್ರಾಸಿನಲ್ಲಿ ತಿರುಗಿದ ಮೇಲೆ ಊರಿನ ದಾರಿ ಬೇರೆಯೇ: ಕಬ್ಬು ತುಂಬಿದ ಟ್ರ್ಯಾಕ್ಟರ್, ರಸ್ತೆಯ ಮೇಲೆ ಹರವಿದ ಹುರುಳಿ, ಅಡ್ಡ ನುಗ್ಗುವ ಎಮ್ಮೆಕರು, ತಿರುವಿಗೊಂದು ಹಂಪು. ಅಲ್ಲಿ ಗುಂಡಿಯನ್ನು ಆರಿಸಿ, ಹಿಡಿಯನ್ನು ಮತ್ತೆ ಕೈಗೆ ತೆಗೆದುಕೊಳ್ಳುವುದೇ ಲೇಸು.

ಸಾಧನವು ಬಲಗೈಯ ಕೆಲಸವನ್ನು ಹಂಚಿಕೊಂಡೀತೇ ಹೊರತು ಕಣ್ಣಿನ ಕೆಲಸವನ್ನಲ್ಲ. ದಾರಿಯ ಮೇಲೆ ದೃಷ್ಟಿಯಿಟ್ಟು, ಎರಡು ಬೆರಳನ್ನು ಬ್ರೇಕಿನ ಮೇಲಿಟ್ಟು ಬರುವ ಮಗ ಹತ್ತು ನಿಮಿಷ ತಡವಾಗಿ ಬಂದರೂ, ಮನೆಯಲ್ಲಿ ಒಬ್ಬಟ್ಟು ಆರಿಹೋಯಿತೆಂದು ಯಾರೂ ಮುನಿಯರು.