ವಲಸೆ ಮಕ್ಕಳ ದಡಾರ ಲಸಿಕೆ: ಆರೋಗ್ಯ ಇಲಾಖೆಗೆ ಮನವಿ

ಗೆ,
ಸಾರ್ವಜನಿಕ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ನಿರ್ದೇಶಕರು,
ತೆಲಂಗಾಣ ಸರ್ಕಾರ, ಕೋಠಿ, ಹೈದರಾಬಾದ್

ಇಂದ,
ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗ ಪೋಷಕರು

ವಿಷಯ: ಕಟ್ಟಡ ಕಾರ್ಮಿಕರ ಮಕ್ಕಳಿಗೆ ದಡಾರ–ರುಬೆಲ್ಲಾ ಲಸಿಕೆಯ ಎರಡನೇ ಡೋಸ್ ತಪ್ಪದಂತೆ ನೋಡಿಕೊಳ್ಳುವ ಬಗ್ಗೆ

ಮಾನ್ಯರೇ,

ಕಲಬುರಗಿ, ಯಾದಗಿರಿ, ಬೀದರ, ರಾಯಚೂರು ಕಡೆಯಿಂದ ಈ ನಗರಕ್ಕೆ ದುಡಿಯಲು ಬರುವವರು ಕೈಗೂಸುಗಳನ್ನೂ ಕರೆತರುತ್ತಾರೆ. ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9ರಿಂದ 12 ತಿಂಗಳೊಳಗೆ, ಎರಡನೆಯದು 16ರಿಂದ 24 ತಿಂಗಳೊಳಗೆ ಆಗಬೇಕು. ಮೊದಲನೆಯದನ್ನು ಊರಲ್ಲೇ ಹಾಕಿಸಿಕೊಂಡು ಬಂದ ಮಗುವಿಗೆ ಎರಡನೆಯದರ ಹೊತ್ತು ಇಲ್ಲಿ ಬರುತ್ತದೆ. ಹೆಸರು ಮಾತ್ರ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲೇ ಉಳಿದಿರುತ್ತದೆ. ಒಂದು ಕಟ್ಟಡ ಮುಗಿದರೆ ಕುಟುಂಬ ಮತ್ತೊಂದರ ಶೆಡ್ಡಿಗೆ ಹೋಗುತ್ತದೆ, ಕೆಲವೊಮ್ಮೆ ಬೇರೆ ಜಿಲ್ಲೆಗೇ. ಹೈದರಾಬಾದ್, ರಂಗಾರೆಡ್ಡಿ, ಮೇಡ್ಚಲ್–ಮಲ್ಕಾಜ್‌ಗಿರಿ ಎಂಬ ಜಿಲ್ಲೆಗಳ ಗಡಿಗಳು ಕೂಲಿಯವರಿಗೇನು ಗೊತ್ತು?

ದಡಾರದ ವೈರಾಣು ರೋಗಿ ಹೊರಟುಹೋದ ಮೇಲೂ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ಇರಬಲ್ಲದು. ಮೈಮೇಲೆ ದದ್ದು ಏಳುವ ನಾಲ್ಕು ದಿನ ಮೊದಲೇ ಸೋಂಕು ಹರಡತೊಡಗುತ್ತದೆ. ಜ್ವರ, ನೆಗಡಿ, ಕೆಂಗಣ್ಣಷ್ಟೇ ಇರುವಾಗ ಯಾರಿಗೂ ಸಂಶಯ ಬರುವುದಿಲ್ಲ. ಹತ್ತಾರು ಕುಟುಂಬಗಳು ಒತ್ತಾಗಿ ಬದುಕುವ ತಗಡಿನ ಶೆಡ್ಡುಗಳಲ್ಲಿ ಇದನ್ನು ತಡೆಯಲು ಲಸಿಕೆಯೊಂದೇ ದಾರಿ, ಅದೂ 95 ಪ್ರತಿಶತ ಮಕ್ಕಳಿಗೆ ಎರಡೂ ಡೋಸ್ ಆಗಿದ್ದರೆ. 2022ರಲ್ಲಿ ಮುಂಬಯಿಯ ಗೋವಂಡಿಯಲ್ಲಿ ದಡಾರ ಹಬ್ಬಿದ್ದು ತಮಗೆ ತಿಳಿದೇ ಇದೆ. 2017ರ ಆಗಸ್ಟಿನಲ್ಲಿ ತೆಲಂಗಾಣ ಈ ಲಸಿಕೆಯ ದೊಡ್ಡ ಅಭಿಯಾನವನ್ನೇ ನಡೆಸಿತು. ಆದರೆ ಇಂದಿನ ಕೂಸುಗಳು ಹುಟ್ಟಿದ್ದು ಅದಾದ ಮೇಲೆ.

ಮಗುವಿಗೆ ದಡಾರ ಬಂದಾಗ ‘ಅಮ್ಮ ಬಂದಾಳೆ’ ಎಂದು ಬೇವಿನ ಸೊಪ್ಪು ಕಟ್ಟುವವರನ್ನು ಗದರಿಸಬೇಡಿ ಎಂದೂ ಕೋರುತ್ತೇವೆ. ಮಗುವನ್ನು ಮನೆಯೊಳಗೇ ಇರಿಸುವ ಆ ರೂಢಿ ಒಳ್ಳೆಯದೇ. ಆದರೆ ಪಥ್ಯವೆಂದು ಊಟ ಕಡಿಮೆ ಮಾಡುವುದು, ಉಸಿರು ಕಟ್ಟಿದರೂ ಆಸ್ಪತ್ರೆಗೆ ಒಯ್ಯದಿರುವುದು ಅಪಾಯ. ದಡಾರದಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ನ್ಯುಮೋನಿಯಾ ಮತ್ತು ಭೇದಿ.

ಆದ್ದರಿಂದ, ಲಸಿಕೆ ದಾಖಲಿಸುವ ತಾಯಿ ಕಾರ್ಡ್ ಊರಲ್ಲೇ ಉಳಿದಿದ್ದರೂ, ಆಧಾರ್ ಇಲ್ಲದಿದ್ದರೂ ಐದು ವರ್ಷದೊಳಗಿನ ಮಗುವಿಗೆ ಲಸಿಕೆ ನಿರಾಕರಿಸಬಾರದು. ತಂದೆತಾಯಿ ಇಬ್ಬರೂ ಹಗಲು ದುಡಿಯುವುದರಿಂದ ಶಿಬಿರ ಸಂಜೆಯೋ ಭಾನುವಾರವೋ ಕೆಲಸದ ಜಾಗದಲ್ಲೇ ನಡೆಯಲಿ. ಶೆಡ್ಡಿನಲ್ಲಿರುವ ಮಕ್ಕಳ ಪಟ್ಟಿ ಕೊಡುವುದು ಗುತ್ತಿಗೆದಾರರ ಹೊಣೆಯಾಗಲಿ. ದಾಖಲೆ ಮೂರೂ ಜಿಲ್ಲೆಗಳಿಗೆ ಹಾಗೂ ಕರ್ನಾಟಕದ ಊರಿನ ಆರೋಗ್ಯ ಕೇಂದ್ರಕ್ಕೆ ತಲುಪಲಿ. ಸರ್ಕಾರದ ಬಸ್ತಿ ದವಾಖಾನೆಗಳಲ್ಲಿ ಕನ್ನಡದ ಫಲಕ, ಕನ್ನಡ ಬಲ್ಲ ಒಬ್ಬರಾದರೂ ಇರಲಿ. ದದ್ದು ಎದ್ದ ಮಗು ಕಂಡ ದಿನವೇ ರಕ್ತದ ಮಾದರಿ ತೆಗೆದು, ವಿಟಮಿನ್ ಎ ಕೊಟ್ಟು, ಸುತ್ತಲಿನ ಮಕ್ಕಳ ಲಸಿಕೆಯನ್ನು ಪರಿಶೀಲಿಸಬೇಕು. ಶಿಬಿರಗಳ ದಿನಗಳನ್ನು ನಮಗೂ ತಿಳಿಸಿದರೆ ತಾಯಂದಿರನ್ನು ಕರೆತರುವ ಕೆಲಸ ನಾವು ಮಾಡುತ್ತೇವೆ.

ತಮ್ಮ ವಿಶ್ವಾಸಿಗಳು,
(ಪೋಷಕರ ಸಹಿಗಳು)