ಚೆಲ್ಲಿದ ಕಾಳು, ಬಿತ್ತಿದ ಕಾಳು

ಚಿತ್ರಗ್ರೀವನೆಂಬ ಪಾರಿವಾಳದ ಅರಸನ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ನಮ್ಮ ಮನೆಗಳಲ್ಲಿ ವಿರಳ. ಬೇಡನೊಬ್ಬನು ಕಾಡಿನಲ್ಲಿ ಅಕ್ಕಿಯ ಕಾಳುಗಳನ್ನು ಚೆಲ್ಲಿ, ಬಲೆಯನ್ನು ಹರಡಿ, ಮರೆಯಲ್ಲಿ ಕುಳಿತನಂತೆ. ಜನಸಂಚಾರವಿಲ್ಲದ ಕಾಡಿನಲ್ಲಿ ಅಕ್ಕಿಯೆಲ್ಲಿಂದ ಬಂತೆಂದು ಅರಸನು ಶಂಕಿಸಿದರೂ ಪರಿವಾರದ ಹಸಿವು ಕೇಳಲಿಲ್ಲ. ಮುಂದಿನದು ಎಲ್ಲರಿಗೂ ತಿಳಿದದ್ದೆ. ಆದರೆ ಅದೇ ಬೇಡನು ಕಾಳನ್ನು ಚೆಲ್ಲದೆ, ನೆಲವನ್ನು ಉತ್ತು, ಬಿತ್ತಿ, ಬೆಳೆದ ಪೈರಿನ ಬದುವಿನಲ್ಲಿ ಹಕ್ಕಿಗಾಗಿ ಕಾದು ಕುಳಿತಿದ್ದರೆ ನ್ಯಾಯವು ಬೇರೆಯಾಗುತ್ತಿತ್ತೆ? ಕಥೆಗಾರನು ಕೇಳದ ಈ ಪ್ರಶ್ನೆಯನ್ನು ಅಮೆರಿಕದ ಸಂಯುಕ್ತ ಸಂಸ್ಥಾನದ ಕಾನೂನು ಕೇಳಿದೆ, ಉತ್ತರವನ್ನೂ ಕೊಟ್ಟಿದೆ.

ಅಲ್ಲಿ 1918ರಲ್ಲಿ ವಲಸೆ ಹಕ್ಕಿಗಳ ರಕ್ಷಣೆಗೆಂದು ಕಾಯಿದೆಯೊಂದು ಬಂದಿತು. ಅದರ ಅಡಿಯಲ್ಲಿ ರೂಪುಗೊಂಡ ನಿಯಮಗಳ ಪ್ರಕಾರ, ಕಾಳು ಚೆಲ್ಲಿ ಬೆಳವದ ಹಕ್ಕಿಯನ್ನು ಕರೆದು ಹೊಡೆಯುವುದು ಅಪರಾಧ. ಚೆಲ್ಲಿದ ಕಾಳನ್ನು ಪೂರ್ಣವಾಗಿ ತೆಗೆದ ಮೇಲೂ ಹತ್ತು ದಿನಗಳವರೆಗೆ ಆ ಸ್ಥಳವು ಆಮಿಷವಿರುವ ಸ್ಥಳವೆಂದೇ ಎಣಿಕೆ. ಹಕ್ಕಿಗೆ ನೆನಪುಂಟೆಂಬುದನ್ನು ಕಾನೂನು ಒಪ್ಪಿದೆಯೆಂದಾಯಿತು. ಆದರೆ ಸೂರ್ಯಕಾಂತಿಯನ್ನೋ ಸಿರಿಧಾನ್ಯವನ್ನೋ ಬೇಸಾಯದ ಕ್ರಮದಂತೆ ಬಿತ್ತಿ ಬೆಳೆದು, ನಿಂತ ಪೈರನ್ನು ಅಲ್ಲಿಯೇ ಕಡಿದು ಕೆಡವಿದರೆ, ಉದುರಿದ ಕಾಳಿಗೆ ಬರುವ ಬೆಳವವನ್ನು ಹೊಡೆಯಲು ಅಡ್ಡಿಯಿಲ್ಲ. ಬಾತುಕೋಳಿಯ ವಿಷಯದಲ್ಲಿ ಈ ರಿಯಾಯಿತಿಯೂ ಇಲ್ಲ. ಕಾಳು ಒಂದೇ, ಹಕ್ಕಿಯ ಹಸಿವೂ ಒಂದೇ. ಕೈಯಿಂದ ಬಿದ್ದುದು ಆಮಿಷ, ತೆನೆಯಿಂದ ಬಿದ್ದುದು ಬೆಳೆ!

ಈ ಹಕ್ಕಿಹೊಲಗಳ ಕಥೆಯಲ್ಲಿ ಕನ್ನಡ ನಾಡಿನ ಓದುಗರಿಗೆ ಪರಿಚಿತವಾದ ಪಾತ್ರವೊಂದುಂಟು. ತುಮಕೂರು, ಚಿತ್ರದುರ್ಗದ ಕಡೆಯ ಬೆದ್ದಲು ನೆಲಗಳಲ್ಲಿ ಬೆಳೆಯುವ ಕೊರಲೆಯೇ ಅದು. 1915ರ ಸುಮಾರಿಗೆ ಭಾರತದಿಂದ ಅಮೆರಿಕಕ್ಕೆ ಹೋದ ಈ ಧಾನ್ಯವು ಅಲ್ಲಿಯ ಆಗ್ನೇಯ ರಾಜ್ಯಗಳಲ್ಲಿ ಬೇರೂರಿತು. ಎರಡು ತಿಂಗಳಲ್ಲಿ ತೆನೆ ಬಲಿಯುವ ಗುಣವೇ ಅದರ ಯೋಗ್ಯತಾಪತ್ರ. ಇಲ್ಲಿ ಬಡವರ ಅನ್ನವಾಗಿದ್ದ ಕೊರಲೆಯು ಅಲ್ಲಿ ದನದ ಮೇವಾಯಿತು, ಬೇಟೆಯ ಹಕ್ಕಿಗಳ ಔತಣವಾಯಿತು. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ನಗರದ ಅಡಿಗೆಮನೆಗಳಲ್ಲಿಯೂ ಕೊರಲೆಗೆ ಮನ್ನಣೆ ದೊರೆಯಿತು. ಹಕ್ಕಿಗಳು ಅದರ ರುಚಿಯನ್ನು ಬಹು ಹಿಂದೆಯೇ ಕಂಡುಕೊಂಡಿದ್ದವು.

ಆ ರಾಜ್ಯಗಳಲ್ಲಿ ಬೇಟೆಗಾರರಿಗೆ ಅತ್ಯಂತ ಪ್ರಿಯವಾದುದು ನಮ್ಮ ಲಾವಕ್ಕಿಯನ್ನು ಹೋಲುವ ಬಾಬ್‌ವೈಟ್. ಅದರ ಕೂಗೇ ಅದಕ್ಕೆ ಹೆಸರಾಗಿದೆ. ಹತ್ತು ಹದಿನೈದು ಹಕ್ಕಿಗಳ ಗುಂಪು ರಾತ್ರಿ ನೆಲದ ಮೇಲೆ ಚಕ್ರಾಕಾರವಾಗಿ, ಬಾಲಗಳನ್ನು ಒಳಕ್ಕೂ ಮುಖಗಳನ್ನು ಹೊರಕ್ಕೂ ಮಾಡಿ, ಒತ್ತಾಗಿ ಮಲಗುತ್ತದೆ. ಚಳಿಗೆ ಅದು ಕಂಬಳಿ. ಶತ್ರುವಿಗೆ ಅದು ಕೋಟೆ. ಇಂತಹ ಅಂಜುಬುರುಕ ಹಕ್ಕಿಗೆ ಬಯಲಿನ ನಡುವೆ ಹೊಲ ಮಾಡಿದರೆ ಫಲವಿಲ್ಲ. ಪೊದೆಗಳ ಅಂಚಿನಲ್ಲಿ, ಗಿಡುಗನು ಎರಗಿದರೆ ಓಡಿ ಅಡಗಲು ಅನುಕೂಲವಾಗುವಂತೆ, ಕಿರಿದಾದ ಪಟ್ಟಿಗಳಲ್ಲಿ ಬಿತ್ತುತ್ತಾರೆ. ಬಿತ್ತನೆಯೂ ವಿರಳವಾಗಿರಬೇಕು, ನಡೆದಾಡುವ ಹಕ್ಕಿಗೆ ಬುಡಗಳ ನಡುವೆ ಬರಿನೆಲ ಬೇಕು. ಬೆಳೆಯನ್ನು ಕೊಯ್ಯದೆ ಬಿಡುತ್ತಾರೆ. ಚಳಿಗಾಲದುದ್ದಕ್ಕೂ ಅದು ಸ್ವಲ್ಪಸ್ವಲ್ಪವಾಗಿ ಉದುರಿ ಕಣಜವಾಗುತ್ತದೆ. ಎಷ್ಟೋ ಕಡೆ ಬೀಜವೂ ಬೇಡ. ನೆಲವನ್ನು ಉತ್ತು ಬಿಟ್ಟರೆ ರಾಗ್‌ವೀಡ್ ಎಂಬ ಕಳೆ ತಾನೇ ಹುಟ್ಟುತ್ತದೆ. ನಮ್ಮ ಕಾಂಗ್ರೆಸ್ ಗಿಡದ ಬಂಧುವಾದ ಆ ಕಳೆಯ ಬೀಜವೆಂದರೆ ಬಾಬ್‌ವೈಟಿಗೆ ಪಂಚಭಕ್ಷ್ಯ.

ಇಷ್ಟಾದರೂ ಕಾಳೊಂದೇ ಹಕ್ಕಿಯನ್ನು ಉಳಿಸಲಾರದು. ಜಾರ್ಜಿಯಾ ಮತ್ತು ಫ್ಲಾರಿಡಾಗಳ ಗಡಿಯ ದೊಡ್ಡ ಎಸ್ಟೇಟುಗಳಲ್ಲಿ ಬಾಬ್‌ವೈಟ್ ಕಡಮೆಯಾಗತೊಡಗಿದಾಗ, ಒಡೆಯರ ನೆರವಿನಿಂದ 1924ರಲ್ಲಿ ಹರ್ಬರ್ಟ್ ಸ್ಟಾಡರ್ಡ್ ಎಂಬ ನಿಸರ್ಗಶಾಸ್ತ್ರಜ್ಞನು ಶೋಧನೆಯನ್ನು ಕೈಗೊಂಡನು. 1931ರಲ್ಲಿ ಹೊರಬಂದ ಆತನ ಗ್ರಂಥವು ಆ ಕಾಲದ ಅರಣ್ಯಾಧಿಕಾರಿಗಳಿಗೆ ರುಚಿಸದ ಮಾತನ್ನು ಹೇಳಿತು: ಪೈನ್ ಕಾಡಿನ ತಳದ ಹುಲ್ಲಿಗೆ ಹದವರಿತು ಬೆಂಕಿಯಿಡಬೇಕು, ಬೆಂಕಿಯನ್ನು ಪೂರ್ತಿ ತಡೆದರೆ ಪೊದೆ ದಟ್ಟೈಸಿ ಹಕ್ಕಿಗೆ ನಡೆಯಲು ಎಡೆಯಿಲ್ಲದಾಗುತ್ತದೆ. ಮರಿಗಳ ಆಹಾರವೂ ಇದಕ್ಕೆ ಪುಷ್ಟಿಯನ್ನು ಕೊಡುತ್ತದೆ. ಹೆಬ್ಬೆರಳಿನಷ್ಟಿರುವ ಮರಿಯು ಮೊದಲ ವಾರಗಳಲ್ಲಿ ಬದುಕುವುದು ಬಹುಮಟ್ಟಿಗೆ ಹುಳುಹುಪ್ಪಟೆಗಳಿಂದ. ಹುಳುವಿಲ್ಲದ ನೆಲದಲ್ಲಿ ಎಷ್ಟು ಕೊರಲೆ ಬಿತ್ತಿದರೂ ಅದನ್ನು ತಿನ್ನುವ ವಯಸ್ಸಿಗೆ ಮರಿ ಬರುವುದೇ ಇಲ್ಲ.

1966ರಿಂದ ನಡೆದುಬಂದ ಗಣತಿಯ ಪ್ರಕಾರ ಆ ದೇಶದಲ್ಲಿ ಬಾಬ್‌ವೈಟ್ ಸಂಖ್ಯೆ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಕುಗ್ಗಿದೆ. ಅದನ್ನು ಕೊಂದುದು ಮುಖ್ಯವಾಗಿ ಕೋವಿಯಲ್ಲ. ಬದುವಿನಿಂದ ಬದುವಿನವರೆಗೆ ಒಂದೂ ಪೊದೆಯನ್ನುಳಿಸದೆ ನೆಲವನ್ನು ಹಸನುಮಾಡಿದ ಬೇಸಾಯ, ಕಾಡಾಗಿ ದಟ್ಟೈಸಿದ ಪಾಳು ಹೊಲ, ಬೆಳೆದ ಊರು. ವಿಚಿತ್ರವೆಂದರೆ, ಹಕ್ಕಿಯು ಇಂದಿಗೂ ಸಮೃದ್ಧವಾಗಿರುವ ಕೆಲವೇ ಸ್ಥಳಗಳಲ್ಲಿ ಸ್ಟಾಡರ್ಡ್ ಓಡಾಡಿದ ಬೇಟೆಯ ಎಸ್ಟೇಟುಗಳೂ ಸೇರಿವೆ. ಬೇಟೆಯ ಆಸೆಯಿಂದಲೇ ಒಡೆಯನು ಪೊದೆಯನ್ನುಳಿಸಿದನು. ಬೇಟೆಯಾಡದ ಸಾಧು ಬೇಸಾಯಗಾರನು ಅದನ್ನು ಅಳಿಸಿದನು. ಯಾರನ್ನು ಹಕ್ಕಿಯ ಮಿತ್ರನೆನ್ನಬೇಕು?

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿತು. ಅದು ಉಚಿತವೇ ಸರಿ. ಆದರೆ ಕೋವಿಯನ್ನು ಕೆಳಗಿಳಿಸಿದ ಮಾತ್ರಕ್ಕೆ ಲಾವಕ್ಕಿಗೆ ಮನೆ ಸಿಕ್ಕಿತೆಂದು ತಿಳಿಯುವಂತಿಲ್ಲ. ಬದುವಿನ ಹುಲ್ಲು, ಬೇಲಿಯ ಪೊದೆ, ಅದರೊಳಗಿನ ಹುಳು, ಇವು ಉಳಿದರೆ ಹಕ್ಕಿ ಉಳಿದೀತು. ಚಿತ್ರಗ್ರೀವನ ಕಥೆ ಕಾಳನ್ನು ಶಂಕಿಸಲು ಕಲಿಸಿತು. ಕಾಳಿಲ್ಲದ, ಪೊದೆಯಿಲ್ಲದ, ಚೊಕ್ಕಟವಾದ ನೆಲವನ್ನು ಶಂಕಿಸುವುದನ್ನು ಇಂದಿನ ಮಕ್ಕಳಿಗೆ ಬೇರೊಂದು ಕಥೆಯಿಂದ ಕಲಿಸಬೇಕಾಗಿದೆ.