ಬಡತನದ ರೇಖೆ ಕಾಣದ ಆಸರೆ

ಬಡವರೆಂದರೆ ಯಾರು? 2011-12ನೇ ಸಾಲಿಗೆ ಯೋಜನಾ ಆಯೋಗವು ತೆಂಡೂಲ್ಕರ್ ಸಮಿತಿಯ ವಿಧಾನದಂತೆ ಗ್ರಾಮೀಣ ಭಾರತದ ಬಡತನದ ರೇಖೆಯನ್ನು ತಿಂಗಳಿಗೆ ತಲಾ 816 ರೂಪಾಯಿ ವೆಚ್ಚಕ್ಕೆ ಎಳೆಯಿತು. ದಿನಕ್ಕೆ ಸುಮಾರು 27 ರೂಪಾಯಿ! ವಿಶ್ವಬ್ಯಾಂಕು 2025ರ ಜೂನ್‌ನಲ್ಲಿ ಕಡುಬಡತನದ ರೇಖೆಯನ್ನು, ಆಯಾ ದೇಶದ ಕೊಳ್ಳುವ ಶಕ್ತಿಗೆ ಹೊಂದಿಸಿ, ದಿನಕ್ಕೆ 3 ಡಾಲರಿಗೆ ಏರಿಸಿತು. ರೇಖೆ ಏರಲಿ ಇಳಿಯಲಿ, ಒಂದು ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ: ಮಳೆ ಕೈಕೊಟ್ಟ ವರ್ಷ ಈ ಕುಟುಂಬಕ್ಕೆ ಆಸರೆ ಯಾವುದು?

ಬದುಕನ್ನು ಕನಿಷ್ಠ ತುತ್ತಿನಲ್ಲಿ ಅಳೆಯುವ ಲೆಕ್ಕ ನಮ್ಮ ನಾಡಿಗೆ ಹೊಸದಲ್ಲ. 1876-78ರ ಮಹಾಬರದಲ್ಲಿ, ಬಾದಾಮಿ ಸೀಮೆಯನ್ನು ಒಳಗೊಂಡಿದ್ದ ಅಂದಿನ ಕಲಾದಗಿ ಜಿಲ್ಲೆ ತೀವ್ರವಾಗಿ ನಲುಗಿತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದು ಆಣೆ ಸಾಕೆಂದರು. ಮದರಾಸಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಷ್ ಅದನ್ನು ವಿರೋಧಿಸಿದರು. ಉಸಿರು ಉಳಿಸುವ ಅಳತೆಯೇ ಬೇರೆ, ಬದುಕು ಉಳಿಸುವ ಅಳತೆಯೇ ಬೇರೆ.

ಮಹಾಕೂಟದ ಪುಷ್ಕರಿಣಿಯನ್ನು ನೋಡಿ. ಮರಳುಗಲ್ಲಿನ ಗುಡ್ಡದ ಮೇಲೆ ಬಿದ್ದ ಮಳೆ ಬಿರುಕುಗಳಲ್ಲಿ ಇಂಗಿ, ತಡವಾಗಿ ಬುಗ್ಗೆಯಾಗಿ ಹೊಮ್ಮುತ್ತದೆ. ಗುಡ್ಡದ ಹಸಿರು ಹೊದಿಕೆ ಮಳೆನೀರಿನ ಓಟವನ್ನು ತಡೆದು ಇಂಗಿಸುತ್ತದೆ. ಅದೇ ಗುಡ್ಡ ಕುರಿಗೆ ಮೇವು, ಒಲೆಗೆ ಕಟ್ಟಿಗೆ, ಮಕ್ಕಳಿಗೆ ಸೀತಾಫಲ, ಕವಳಿಹಣ್ಣು ಕೊಡುತ್ತದೆ. ಇದಾವುದೂ ಯಾರ ಖಾತೆಗೂ ಜಮೆಯಾಗುವುದಿಲ್ಲ. ಅರ್ಥಶಾಸ್ತ್ರಜ್ಞ ಎನ್. ಎಸ್. ಜೋಧಾ ಕರ್ನಾಟಕವೂ ಸೇರಿದಂತೆ ಒಣಭೂಮಿಯ ರಾಜ್ಯಗಳ 80ಕ್ಕೂ ಹೆಚ್ಚು ಹಳ್ಳಿಗಳನ್ನು ಅಧ್ಯಯನ ಮಾಡಿ 1986ರಲ್ಲಿ ಪ್ರಕಟಿಸಿದ ಲೇಖನ, ಇಂಥ ಸಮುದಾಯ ಸಂಪತ್ತು ಉಳ್ಳವರಿಗಿಂತ ಬಡವರಿಗೇ ಹೆಚ್ಚಿನ ಆಧಾರವೆಂದೂ, ಅದು ವೇಗವಾಗಿ ಕ್ಷೀಣಿಸುತ್ತಿದೆಯೆಂದೂ ತೋರಿಸಿತು.

ನೀತಿ ಆಯೋಗದ ಬಹುಆಯಾಮದ ಬಡತನ ಸೂಚ್ಯಂಕವು ಆದಾಯವನ್ನು ಬಿಟ್ಟು ಪೋಷಣೆ, ಶಾಲೆ, ಕುಡಿಯುವ ನೀರು, ಮನೆ ಮೊದಲಾದ 12 ಅಂಶಗಳನ್ನು ನೋಡುತ್ತದೆ. ಇದು ನಿಜಕ್ಕೂ ಮುನ್ನಡೆ. ಆದರೆ ಅಲ್ಲಿಯೂ ಬ್ಯಾಂಕ್ ಖಾತೆಗೆ ಸ್ಥಾನವಿದೆ, ಗೋಮಾಳಕ್ಕಿಲ್ಲ. ಬೈಕು ಕೊಂಡ ಮನೆ ಲೆಕ್ಕದಲ್ಲಿ ಮೇಲೇರಬಹುದು. ಅದೇ ಮನೆಯವರು ಮೇವಿಲ್ಲದೆ ಎತ್ತು ಮಾರಿ ಗೋವೆಗೋ ಮಂಗಳೂರಿಗೋ ಗುಳೆ ಹೋದದ್ದು ಲೆಕ್ಕಕ್ಕೆ ಸಿಗದು.

ಹಾಗೆಂದು ಹಿಂದಿನ ಕಾಲವೇ ಸುಖವಾಗಿತ್ತೆಂದು ಹೇಳಲಾಗದು. ಬುಗ್ಗೆಯ ನೀರೂ ಎಲ್ಲ ಜಾತಿಯವರಿಗೆ ಸಮನಾಗಿ ಸಿಕ್ಕಿರಲಿಲ್ಲ. ಪಡಿತರ, ಶಾಲೆ, ಆಸ್ಪತ್ರೆ, ಕೂಲಿ ಎಲ್ಲವೂ ಬೇಕು. ಆದರೆ ಒಂದು ಕೈಯಿಂದ ಅಕ್ಕಿ ಕೊಟ್ಟು ಇನ್ನೊಂದು ಕೈಯಿಂದ ಹುಲ್ಲುಗಾವಲನ್ನು ಕಸಿದುಕೊಂಡರೆ ಬಡತನ ಅಳಿಯುವುದಿಲ್ಲ, ರೂಪ ಬದಲಿಸುತ್ತದೆ. ಮನೆಯಲ್ಲಿ ಕಟ್ಟಿಟ್ಟ ಬಿಳಿಜೋಳದ ಬೀಜ, ಬಣವೆಯ ಕಣಿಕೆ, ಊರ ಕೆರೆ ಇವು ಬರಗಾಲಕ್ಕೆ ನಾವು ಹೂಡಿಟ್ಟ ಠೇವಣಿ. ಅವು ಕರಗಿದ ಮೇಲೆ ಉಳಿಯುವುದು ಸಾಲವೊಂದೇ.

ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2011ರ ಜನವರಿ 28ರಂದು ಗ್ರಾಮದ ಸಾಮುದಾಯಿಕ ಭೂಮಿಯ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಆ ತೀರ್ಪು ನಮ್ಮ ಕೈಯಲ್ಲಿದೆ. ವಿದ್ಯಾರ್ಥಿ ಮಿತ್ರರು ತಮ್ಮ ಊರಿನ ಬುಗ್ಗೆ, ಕೆರೆ, ಗೋಮಾಳ, ನಾಟಿ ಬೀಜಗಳನ್ನು ಹಿರಿಯರಿಂದ ಕೇಳಿ ಬರೆದಿಡಲಿ. ಯಾವುದು ಇತ್ತು, ಯಾವುದು ಉಳಿದಿದೆ, ಯಾರ ಪಾಲಾಯಿತು ಎಂಬ ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿಯಲ್ಲಿ ದಾಖಲಿಸಲು ಊರವರು ಒತ್ತಾಯಿಸಲಿ. ನಮ್ಮ ಬಡತನದ ಲೆಕ್ಕವನ್ನು ಮೊದಲು ನಾವೇ ಸರಿಯಾಗಿ ಬರೆಯೋಣ.